ಯಾವ ಕಡೆಯ ದೊಡ್ಡಮ್ಮ

ಐದನೇ ತಿಂಗಳ ತಪಾಸಣೆಯಲ್ಲಿ ಕಿರಿಯ ವೈದ್ಯ ಕೇಳಿದ ಹದಿನಾಲ್ಕು ಪ್ರಶ್ನೆಗಳಲ್ಲಿ ಹದಿಮೂರಕ್ಕೆ ತಂಗಿ ಯೋಚಿಸದೆ ಉತ್ತರ ಕೊಟ್ಟಳು. ವಯಸ್ಸು ಮೂವತ್ತಮೂರು. ಎರಡನೇ ಬಸಿರು. ಮೊದಲನೆಯದರ ಕೊನೆಯ ತಿಂಗಳಲ್ಲಿ ರಕ್ತದೊತ್ತಡ ಏರಿತ್ತು, ಹೆರಿಗೆಯಾದ ಮೇಲೆ ಇಳಿಯಿತು. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ಇಲ್ಲ, ಸಿಗರೇಟು ಕುಡಿತ ಎರಡೂ ಇಲ್ಲ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಹದಿನಾಲ್ಕನೆಯ ಪ್ರಶ್ನೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದಾರಾ ಎಂಬುದು.

"ನಮ್ಮ ದೊಡ್ಡಮ್ಮ," ಎಂದಳು ತಂಗಿ. "ಇಪ್ಪತ್ತೊಂಬತ್ತಕ್ಕೇ ಹೋದರು. ಹೃದಯದ ಸ್ನಾಯು ಸೋತಿದೆ ಅಂದಿದ್ದರಂತೆ ಡಾಕ್ಟರು. ನಾನು ಆಗ ಹುಟ್ಟಿರಲಿಲ್ಲ."

ಅಲ್ಲಿಯವರೆಗೆ ಕಂಪ್ಯೂಟರ್ ನೋಡಿಕೊಂಡೇ ಮಾತಾಡುತ್ತಿದ್ದ ವೈದ್ಯ ಮೊದಲ ಸಲ ಅವಳ ಮುಖ ನೋಡಿದ.

"ಏನಾಗಿತ್ತು ಅಂತ ಗೊತ್ತಾ?"

"ಎರಡನೇ ಹೆರಿಗೆಯಾಗಿ ಮೂರು ತಿಂಗಳಿಗೆ ಹೋದದ್ದು. ಮಗೂನೂ ಉಳಿಯಲಿಲ್ಲ."

ಅವನು ಅದನ್ನು ಬರೆದುಕೊಂಡ. ಹೃದಯ ಎನ್ನುವುದು ಒಂದು ಸ್ನಾಯು, ಅದು ಸಡಿಲವಾಗಿ ಹಿಗ್ಗುವ ಕಾಯಿಲೆ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎಂದು ವಿವರಿಸಿದ. ಹೆಂಗಸರಲ್ಲಿ ಅದು ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯ ನಂತರದ ಐದು ತಿಂಗಳ ಒಳಗೆ ತಲೆ ಎತ್ತುವುದುಂಟು. ಅಪರೂಪ, ಆದರೆ ಉಂಟು. ಮೂವತ್ತು ದಾಟಿದ ವಯಸ್ಸು, ಬಸಿರಿನಲ್ಲಿ ಏರುವ ರಕ್ತದೊತ್ತಡ, ಮನೆತನದಲ್ಲಿ ಇಂಥದ್ದೊಂದು ಸಾವು, ಈ ಮೂರೂ ಅಪಾಯವನ್ನು ಹೆಚ್ಚಿಸುತ್ತವೆ.

"ಮೂರೂ ನಿಮ್ಮಲ್ಲಿ ಕಾಣ್ತಿವೆ. ಹಾಗಂತ ಕಾಯಿಲೆ ಇದೆ ಅಂತಲ್ಲ," ಎಂದ. "ಮುಂದಿನ ವಾರ ಗುರುವಾರ ಹೃದಯದ ಒಂದು ಎಕೋ ಸ್ಕ್ಯಾನ್ ಮಾಡಿಸೋಣ."

ಅವನು ಹೇಳಿದ್ದರಲ್ಲಿ 'ಅಂತಲ್ಲ' ಎಂಬುದು ಬಿಟ್ಟು ಉಳಿದದ್ದೆಲ್ಲ ತಂಗಿಯ ತಲೆಯಲ್ಲಿ ಉಳಿಯಿತು. ಆಸ್ಪತ್ರೆಯ ಗೇಟಿನ ಬಳಿ ನಿಂತು ಅವಳು ಮೊದಲು ಫೋನ್ ಮಾಡಿದ್ದು ಗಂಡನಿಗಲ್ಲ, ಅಕ್ಕನಿಗೆ.

ಅಕ್ಕ ಆಗ ಹೋಟೆಲಿನ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ರೋಲರಿನ ಮುಂದೆ ನಿಂತಿದ್ದಳು. ಹನ್ನೊಂದು ವರ್ಷದಿಂದ ಅದೇ ಜಾಗ. ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ತುದಿ ಜೊತೆಗಾತಿಯ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಜಾಡಿಸಿ, ಅಂಚು ನೇರ ಮಾಡಿ, ರೋಲರಿನ ಬಾಯಿಗೆ ಕೊಡಬೇಕು. ಗಂಟೆಗೆ ನೂರಿಪ್ಪತ್ತು. ಜೊತೆಗಾತಿಗೆ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಅವಳು ಬೆಳಗ್ಗೆ ಕೋಟು ಕಳಚುವಾಗ ಶುರು ಮಾಡಿದರೆ ಸಂಜೆ ಕೋಟು ಹಾಕಿಕೊಳ್ಳುವಾಗಲೂ ನಿಲ್ಲಿಸುತ್ತಿರಲಿಲ್ಲ.

ಫೋನ್ ಇಟ್ಟ ಮೇಲೆ ಅಕ್ಕ ಬಟ್ಟೆಯ ತುದಿಯನ್ನು ತಿರುವುಮುರುವಾಗಿ ಹಿಡಿದಳು.

"ಯಾರು ಸತ್ತರು?" ಎಂದಳು ರೇಡಿಯೋ.

"ಬಾಯಿ ತೊಳ್ಕೊ. ತಂಗಿಗೆ ಹೃದಯದ ಪರೀಕ್ಷೆಯಂತೆ. ಗುರುವಾರ ನನಗೆ ಬೆಳಗಿನ ರಜೆ ಬೇಕು."

"ಐದು ತಿಂಗಳ ಬಸುರಿಗೆ ಹೃದಯದ ಪರೀಕ್ಷೆನಾ? ಒಳಗೆ ಎರಡು ಹೃದಯ ಇವೆ, ಯಾವುದು ಅಂತ ಕೇಳ್ದಾ?"

ಅಕ್ಕ ನಕ್ಕಳು. ನಕ್ಕಾಗ ಬಂದ ಕೆಮ್ಮು ತಡೆಯಲು ಮುಖ ಆಚೆ ತಿರುಗಿಸಿದಳು. ಆ ಕೋಣೆಯಲ್ಲಿ ಕೆಮ್ಮದವರು ಯಾರೂ ಇರಲಿಲ್ಲ. ಹಬೆ, ಸೋಪಿನ ಘಾಟು, ಬಟ್ಟೆಯ ನವಿರು ಧೂಳು. ಸಂಜೆ ಐದರ ಹೊತ್ತಿಗೆ ಎಲ್ಲರ ಪಾದಗಳೂ ಬನ್ನಿನಂತೆ ಊದಿರುತ್ತಿದ್ದವು. ಅದು ಕೆಲಸದ ಗುಣ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಅಮ್ಮನಿಗೆ ವಿಷಯ ಹೇಳಿದ್ದು ಅಕ್ಕನೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ಮದುವೆಯಾಗದ ಅಕ್ಕ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು. ತಂಗಿಯ ಮನೆ ನಾಲ್ಕು ನಿಲ್ದಾಣ ಆಚೆ. ಅಮ್ಮ ಆಗಲೇ ಫೋನ್ ತೆಗೆದುಕೊಂಡು ತಂಗಿಯನ್ನು ತರಾಟೆಗೆ ತೆಗೆದುಕೊಂಡಳು.

"ದೊಡ್ಡಮ್ಮನ ವಿಷಯ ಯಾಕೆ ಎತ್ತೋಕೆ ಹೋದೆ?"

"ಕೇಳಿದರಮ್ಮ."

"ಕೇಳಿದ್ದಕ್ಕೆಲ್ಲ ಹೇಳಿಬಿಡೋದಾ? ಅದಕ್ಕೂ ನಿನಗೂ ಏನು ಸಂಬಂಧ?"

ಸಂಬಂಧ ಏನು ಎಂದು ಅಮ್ಮ ಬಿಡಿಸಿ ಹೇಳಲಿಲ್ಲ. ತಂಗಿ ಅದನ್ನು ಗಾಬರಿಯ ಮಾತು ಎಂದುಕೊಂಡಳು. ಅವಳಿಗಿದ್ದದ್ದು ಒಂದೇ ಯೋಚನೆ. ದೊಡ್ಡಮ್ಮನನ್ನು ಕರೆದುಕೊಂಡು ಹೋದ ಕಾಯಿಲೆ ತನ್ನೊಳಗೂ ಕೂತಿದೆಯೋ ಇಲ್ಲವೋ? ದೊಡ್ಡಮ್ಮನಿಗೂ ಅದು ಎರಡನೇ ಹೆರಿಗೆ. ಗುರುವಾರದವರೆಗಿನ ಎಂಟು ದಿನಗಳಲ್ಲಿ ತಂಗಿ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ಚೀಟಿ ಎರಡು ಸಲ ತಪ್ಪಾಗಿ ಓದಿದಳು. ಮಲಗುವ ಮುಂಚೆ ಒಂದು ನಿಮಿಷದಲ್ಲಿ ಎಷ್ಟು ಸಲ ಉಸಿರಾಡುತ್ತೇನೆಂದು ಎಣಿಸಿದಳು. ಎಣಿಸಿದರೆ ಉಸಿರು ತಾನಾಗಿ ಹೆಚ್ಚುತ್ತದೆಂದು ಗೊತ್ತಾಗಿ ಬಿಟ್ಟಳು.

ಗುರುವಾರ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಹೃದಯ ವಿಭಾಗ ಎರಡನೇ ಮಹಡಿಯಲ್ಲಿ.

"ಹೃದಯದವರನ್ನ ಮಹಡಿ ಮೇಲೆ ಇಟ್ಟಿದಾರೆ ನೋಡು," ಎಂದಳು ಅಕ್ಕ. "ಹತ್ತಿ ಬಂದವರೆಲ್ಲ ಪಾಸು."

ತಂಗಿ ಹೊಟ್ಟೆಯ ಕೆಳಗೆ ಒಂದು ಕೈ, ಕಂಬಿಯ ಮೇಲೆ ಒಂದು ಕೈ ಇಟ್ಟು ನಿಧಾನವಾಗಿ ಹತ್ತಿದಳು. ಮೊದಲ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅಕ್ಕ ಇರಲಿಲ್ಲ. ಕೆಳಗೆ ಅರ್ಧ ದಾರಿಯಲ್ಲಿ, ಗೋಡೆಯ ಮೇಲೆ ಬೆಂಕಿ ಆರಿಸುವ ಡಬ್ಬಿ ಬಳಸುವುದು ಹೇಗೆ ಎಂಬ ಸೂಚನೆಯನ್ನು ಓದುತ್ತ ನಿಂತಿದ್ದಳು.

"ಏನು ಓದ್ತಿದೀಯ?"

"ನಡಿ, ಬಂದೆ. ಇಂಥದ್ದೆಲ್ಲ ತಿಳ್ಕೊಂಡಿರಬೇಕು."

ಎರಡನೇ ತಿರುವಿನಲ್ಲೂ ಅದೇ ಸೂಚನೆ ಇತ್ತು. ಅಕ್ಕ ಅದನ್ನೂ ಓದಿದಳು.

ಎಕೋ ಕೋಣೆ ಮಬ್ಬಾಗಿತ್ತು. ಟೆಕ್ನಿಷಿಯನ್ ಹೆಂಗಸು ತಂಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಸಣ್ಣ ಯಂತ್ರವನ್ನು ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದಳು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಬಾಯಿ ತೆರೆದು ಮುಚ್ಚುತ್ತಿತ್ತು. ಇಪ್ಪತ್ತೈದು ನಿಮಿಷ ಆ ಹೆಂಗಸು ಒಂದೂ ಮಾತಾಡಲಿಲ್ಲ. ಮಾತಾಡದಿರುವುದು ಕೆಟ್ಟ ಸುದ್ದಿ ಎಂದು ತಂಗಿ ತೀರ್ಮಾನಿಸಿಕೊಂಡು, ಇದ್ದ ಒಬ್ಬ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿಯವರೆಗೆ ಯೋಚಿಸಿದ್ದಳು.

ಹಿರಿಯ ವೈದ್ಯೆ ವರದಿ ನೋಡಿದ್ದು ಅರ್ಧ ನಿಮಿಷ.

"ಶೇಕಡಾ ಅರವತ್ತಮೂರು," ಎಂದರು. "ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿರುವ ರಕ್ತದಲ್ಲಿ ಇಷ್ಟನ್ನು ಹೊರಗೆ ತಳ್ಳುತ್ತೆ. ಐವತ್ತೈದರ ಮೇಲಿದ್ದರೆ ನಮಗೆ ಸಮಾಧಾನ. ಗಾತ್ರ ಸರಿ, ಕವಾಟ ಸರಿ. ನಿಮ್ಮ ಹೃದಯಕ್ಕೆ ಏನೂ ಆಗಿಲ್ಲಮ್ಮ."

ತಂಗಿಗೆ ಅಳು ಬಂತು. ವೈದ್ಯೆ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿ, ಅದು ಮುಗಿಯುವವರೆಗೆ ಬೇರೆ ಫೈಲು ನೋಡಿದರು. ಆಮೇಲೆ ರಕ್ತದೊತ್ತಡವನ್ನು ವಾರಕ್ಕೊಮ್ಮೆ ನೋಡಿಸಬೇಕೆಂದೂ, ಹೆರಿಗೆಯ ನಂತರ ಉಸಿರುಗಟ್ಟಿದರೆ, ಕಾಲು ಊದಿದರೆ, ಮಲಗಲಾಗದಿದ್ದರೆ ತಡಮಾಡದೆ ಬರಬೇಕೆಂದೂ ಹೇಳಿದರು. ತಾಯಿಯ ಅಕ್ಕನಿಗೆ ಕಾಯಿಲೆ ಇದ್ದುದರಿಂದ ವಂಶದ ನಕ್ಷೆಯೊಂದನ್ನು ಬರೆದಿಡಬೇಕು, ಪಕ್ಕದ ಕೋಣೆಯಲ್ಲಿ ನರ್ಸ್ ಇದ್ದಾರೆ, ಹತ್ತು ನಿಮಿಷದ ಕೆಲಸ.

ತಂಗಿ ಹೊರಗೆ ಇಣುಕಿದಳು. ಅಕ್ಕ ಬೆಂಚಿನ ಮೇಲೆ ತಂಗಿಯ ಕೋಟನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದಳು. ಕೆಲಸದ ಅಭ್ಯಾಸ, ಕೋಟಿನ ನಾಲ್ಕು ಅಂಚೂ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು.

"ಅರವತ್ತಮೂರು!" ಎಂದಳು ತಂಗಿ.

"ನಿನ್ನ ಗಣಿತದ ಮಾರ್ಕಿಗಿಂತ ಜಾಸ್ತಿ ಬಂತಲ್ಲೇ," ಎಂದಳು ಅಕ್ಕ.

ನರ್ಸ್ ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಂಡಿದ್ದಳು. ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ, ತೀರಿಕೊಂಡವರ ಮೇಲೆ ಒಂದು ಓರೆ ಗೆರೆ. ತಂಗಿಗೊಂದು ವೃತ್ತ, ಅದರ ಮೇಲೆ ಅಮ್ಮ, ಅಪ್ಪ. ಅಪ್ಪನಿಗೆ ಓರೆ ಗೆರೆ, ಅರವತ್ತೆಂಟಕ್ಕೆ ನ್ಯುಮೋನಿಯಾ.

"ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ," ಎಂದು ಫೈಲು ನೋಡಿ ಓದುತ್ತ ನರ್ಸ್ ಅಮ್ಮನ ಪಕ್ಕದಲ್ಲಿ ಇನ್ನೊಂದು ವೃತ್ತ ಬರೆದು ಎರಡನ್ನೂ ಗೆರೆಯಿಂದ ಸೇರಿಸಿದಳು.

"ಅಲ್ಲ ಸಿಸ್ಟರ್. ಅಮ್ಮನಿಗೆ ಅಕ್ಕ ಇಲ್ಲ. ಅವರ ಮನೇಲಿ ಅಮ್ಮನೇ ದೊಡ್ಡವಳು."

ಪೆನ್ಸಿಲ್ ನಿಂತಿತು. "ಇಲ್ಲಿ ಹಾಗೆ ಬರೆದಿದೆಯಲ್ಲ?"

"ನಾನು ದೊಡ್ಡಮ್ಮ ಅಂದೆ, ಅಷ್ಟೇ."

"ಯಾವ ಕಡೆ ದೊಡ್ಡಮ್ಮ?"

"ಅಪ್ಪನ ಕಡೆ. ದೊಡ್ಡಪ್ಪನ ಹೆಂಡತಿ."

ನರ್ಸ್ ಕನ್ನಡಕ ತೆಗೆದು ಹಣೆ ಒತ್ತಿಕೊಂಡಳು. "ನಮ್ಮ ಕಿರಿಯ ಡಾಕ್ಟರ್ ಮನೇಲಿ ದೊಡ್ಡಮ್ಮ ಅಂದರೆ ತಾಯಿಯ ಅಕ್ಕ ಇರಬೇಕು, ಹಾಗೇ ಬರೆದುಬಿಟ್ಟಿದಾರೆ. ಇದೊಂದು ಫಜೀತಿ ನಮಗೆ. ಮೊನ್ನೆ ಒಬ್ಬರು ಅತ್ತೆಗೆ ಸಕ್ಕರೆ ಕಾಯಿಲೆ ಅಂದರು. ಸೋದರತ್ತೆಯಾ, ಗಂಡನ ತಾಯಿಯಾ, ಮಾವನ ಹೆಂಡತಿಯಾ ಅಂತ ಹತ್ತು ನಿಮಿಷ ಕೇಳಿದೆ. ಕೊನೆಗೆ ನೋಡಿದರೆ ಪಕ್ಕದ ಮನೆಯವರು!"

ಅವಳು ಆ ವೃತ್ತವನ್ನು ಅಳಿಸಿ, ಅಪ್ಪನ ಚೌಕದ ಪಕ್ಕ ದೊಡ್ಡಪ್ಪನ ಚೌಕ ಬರೆದು, ಅದರಾಚೆ ಹೊಸ ವೃತ್ತ ಬರೆದಳು. "ನೋಡಿ. ಇವರು ನಿಮ್ಮ ಮನೆಗೆ ಮದುವೆಯಾಗಿ ಬಂದವರು. ಇವರಿಗೂ ನಿಮಗೂ ರಕ್ತದ ಗೆರೆ ಇಲ್ಲ. ಇವರ ಕಾಯಿಲೆ ನಿಮಗೆ ಇಳಿಯೋ ಹಾಗೇ ಇಲ್ಲ. ವಯಸ್ಸು, ಬಿಪಿ, ಇವೆರಡು ಉಳೀತವೆ, ಅವುಗಳ ಮೇಲೆ ಕಣ್ಣಿಡ್ತೀವಿ. ಮೂರನೇದು ಹೋಯ್ತು."

ತಂಗಿಗೆ ಬೆನ್ನಿನಿಂದ ಮೂಟೆ ಇಳಿಸಿದ ಹಾಗಾಯಿತು. ಎಂಟು ದಿನದ ಗೋಳಾಟ ಒಂದು ರಬ್ಬರಿಗೆ ಅಳಿಸಿಹೋಗಿತ್ತು. ಅವಳು ಏಳಲು ಹೊರಟಳು.

"ಒಂದು ನಿಮಿಷ," ಎಂದಳು ನರ್ಸ್, ಪೆನ್ಸಿಲಿನ ತುದಿಯನ್ನು ಹೊಸ ವೃತ್ತದ ಕೆಳಗೆ ಇಟ್ಟು. "ಈ ದೊಡ್ಡಮ್ಮನಿಗೆ ಬದುಕಿರೋ ಮಕ್ಕಳಿದ್ದಾರಾ?"

ತಂಗಿ ಇಲ್ಲ ಎನ್ನಲು ಬಾಯಿ ತೆರೆದಳು. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಅವರ ಮನೆಯಲ್ಲಿದ್ದ ಉತ್ತರ ಅದು. ಅಷ್ಟರಲ್ಲಿ ಅವಳ ಕಣ್ಣು ಬಾಗಿಲಿನ ಕಡೆ ಹೋಯಿತು.

"ಒಬ್ಬಳು ಮಗಳು," ಎಂದಳು ಕೊನೆಗೆ.

"ಎಲ್ಲಿದ್ದಾರೆ?"

"ಹೊರಗೆ. ನನ್ನ ಕೋಟು ಹಿಡ್ಕೊಂಡು ಕೂತಿದಾಳೆ."

ದೊಡ್ಡಮ್ಮ ಸತ್ತಾಗ ಅಕ್ಕನಿಗೆ ಮೂರು ವರ್ಷ. ದೊಡ್ಡಪ್ಪ ಮಗುವನ್ನು ತಮ್ಮನ ಮನೆಯಲ್ಲಿ ಬಿಟ್ಟು ದೂರದ ಗಣಿಯೊಂದಕ್ಕೆ ಕೆಲಸಕ್ಕೆ ಹೋದ, ಅಲ್ಲೇ ಬೇರೆ ಸಂಸಾರ ಮಾಡಿಕೊಂಡ. ಎರಡು ವರ್ಷದ ಮೇಲೆ ತಂಗಿ ಹುಟ್ಟಿದಳು. ಇಬ್ಬರಿಗೂ ಒಬ್ಬಳೇ ಅಮ್ಮ, ಒಂದೇ ಹಾಸಿಗೆ, ಒಂದೇ ಶಾಲೆ. ಅಕ್ಕನನ್ನು ತೋರಿಸಿ ಯಾರಾದರೂ "ಭಾವನ ಮಗಳಲ್ವಾ?" ಎಂದು ಕೇಳಿದರೆ ಅಮ್ಮ ಅವರ ಮನೆಗೆ ಹೋಗುವುದನ್ನೇ ಬಿಡುತ್ತಿದ್ದಳು. ಶಾಲೆಯ ಅರ್ಜಿಯಿಂದ ಲಾಂಡ್ರಿಯ ಆರೋಗ್ಯ ತಪಾಸಣೆಯ ಕಾಗದದವರೆಗೆ ಅಕ್ಕ ತಾಯಿಯ ಮುಂದೆ ಬರೆಯುತ್ತಿದ್ದದ್ದು ಈ ಅಮ್ಮನ ಹೆಸರು. ತಾಯಿಗೆ ಹೃದಯದ ಕಾಯಿಲೆ ಇದೆಯೇ? ಇಲ್ಲ. ಹನ್ನೊಂದು ವರ್ಷ ಅದೇ ಉತ್ತರ ನೋಡಿ ಲಾಂಡ್ರಿಯವರು ಅವಳ ಕೆಮ್ಮಿಗೆ ಕೆಮ್ಮಿನ ಔಷಧಿಯನ್ನೇ ಕೊಡಿಸಿದ್ದರು.

ನರ್ಸ್ ತಾನೇ ಹೊರಗೆ ಬಂದು ಅಕ್ಕನ ಪಕ್ಕ ಕೂತು, ನಿಮಗೂ ಒಂದು ಎಕೋ ಮಾಡಿಸಬೇಕು ಎಂದಳು.

"ನನಗಾ?" ಎಂದಳು ಅಕ್ಕ. "ನಾನೇನು ಬಸುರಿಯಾ?"

"ಬಸಿರೊಂದೇ ಕಾರಣ ಅಲ್ಲ. ತಾಯಿಗೆ ಇದ್ದರೆ..."

"ನಮ್ಮ ತಾಯಿ ಗಟ್ಟಿಮುಟ್ಟಾಗಿದ್ದಾರೆ. ನೀವೇ ಬಂದು ನೋಡಿ, ಮೂರು ಬೀದಿ ಕೇಳೋ ಹಾಗೆ ಬೈತಾರೆ." ಅಕ್ಕ ಎದ್ದು ಕೋಟನ್ನು ತಂಗಿಯ ಕೈಗಿಟ್ಟಳು. "ಮಧ್ಯಾಹ್ನದ ಪಾಳಿಗೆ ಹೊತ್ತಾಯ್ತು. ನೀನು ಬಸ್ಸಿನಲ್ಲಿ ಮುಂದಿನ ಸೀಟಲ್ಲೇ ಕೂತ್ಕೊ."

"ಅಕ್ಕ, ಮೆಟ್ಟಿಲಲ್ಲಿ ಎರಡು ಸಲ ನಿಂತೆ ನೀನು."

"ಹಬೆ ಕಣೆ. ಹನ್ನೊಂದು ವರ್ಷ ಹಬೆ ಕುಡಿದರೆ ಶ್ವಾಸಕೋಶ ಇನ್ನೇನಾಗುತ್ತೆ?"

ಅವಳು ಇಳಿದು ಹೋದಳು. ಇಳಿಯುವಾಗ ಎಲ್ಲೂ ನಿಲ್ಲಲಿಲ್ಲ. ತಂಗಿ ಅವಳನ್ನು ಕೂಗಿ ಕರೆಯಬಹುದಿತ್ತು, ಆದರೆ ಕರೆದು ಹೇಳಬೇಕಾದ ಮಾತು 'ನೀನು ದೊಡ್ಡಮ್ಮನ ಮಗಳು' ಎಂಬುದು. ಕಾರಿಡಾರಿನಲ್ಲಿ ನಿಂತು, ಅಷ್ಟು ಜನರ ಮುಂದೆ, ಅವಳಿಂದ ಅದಾಗಲಿಲ್ಲ.

ತಂಗಿ ಮನೆಗೆ ಹೋಗದೆ ನೇರವಾಗಿ ಅಮ್ಮನ ಬಳಿಗೆ ಹೋದಳು. ಅಮ್ಮ ಅಡುಗೆಮನೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಅರವತ್ತಮೂರು ಎಂದು ಕೇಳಿ ಕಣ್ಣು ಮುಚ್ಚಿಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು. ಆಮೇಲೆ ತಂಗಿ ನರ್ಸಿನ ಹಾಳೆಯ ವಿಷಯ ಹೇಳಿದಳು. ಅಮ್ಮ ಸಿಟ್ಟು ಮಾಡುತ್ತಾಳೆ ಎಂದು ಅವಳು ಸಿದ್ಧವಾಗಿಯೇ ಬಂದಿದ್ದಳು. ಅಮ್ಮ ಸಿಟ್ಟು ಮಾಡಲಿಲ್ಲ. ಸುಲಿದ ಕಿತ್ತಳೆಯನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡಳು.

"ಅವಳು ನನ್ನ ಓರಗಿತ್ತಿ," ಎಂದಳು. ಮೂವತ್ತೈದು ವರ್ಷದಲ್ಲಿ ಆ ಮನೆಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು. "ಕೊನೆ ಕೊನೆಗೆ ಅವಳಿಗೆ ಮಲಗೋಕೇ ಆಗ್ತಿರಲಿಲ್ಲ. ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡೋಳು. ಬಾಣಂತಿ, ಸುಸ್ತು ಅಂದ್ಕೊಂಡ್ವಿ. ಪಾದ ಊದಿದರೆ ಬಾಣಂತಿ ಬಾವು ಅಂದ್ಕೊಂಡ್ವಿ. ಅವಳ ತಾಯಿನೂ ನಲವತ್ತಕ್ಕೆ ಹಾಗೇ ಹೋದಳಂತೆ, ಅದು ನಮಗೆ ಗೊತ್ತಾಗಿದ್ದು ಆಮೇಲೆ."

"ಇದನ್ನ ಅಕ್ಕನಿಗೆ ಯಾಕೆ ಹೇಳಲಿಲ್ಲ?"

ಅಮ್ಮ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅಕ್ಕನ ಮಂಚದ ಮೇಲೆ ಎರಡು ದಿಂಬುಗಳಿದ್ದವು.

"ಹೋದ ವರ್ಷದವರೆಗೂ ಒಂದೇ ಇತ್ತು," ಎಂದಳು. "ದಿನಾ ನೋಡ್ತೀನಿ. ಹಾಸಿಗೆ ಸರಿ ಮಾಡುವಾಗ ಒಂದನ್ನ ತೆಗೆದು ಬೀರುವಿನಲ್ಲಿಡ್ತೀನಿ. ಮಾರನೇ ದಿನ ಮತ್ತೆ ಎರಡಿರುತ್ತೆ. ನಾನು ಹೇಳಿದರೆ, ನೀನು ನನ್ನ ಮಗಳಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದ ಹಾಗಾಗುತ್ತೆ. ಅದಕ್ಕೇ ಕೆಮ್ಮಿಗೆ ಬಿಸಿನೀರು ಕೊಟ್ಕೊಂಡು ಇದ್ದೆ."

"ಅಮ್ಮ, ಬಿಸಿನೀರು!"

"ಗೊತ್ತು ಮಾರಾಯ್ತಿ, ಗೊತ್ತು."

ಆ ದಿನ ಅಕ್ಕ ಪಾಳಿ ಮುಗಿಸಿ ಬರುವವರೆಗೂ ಇಬ್ಬರೂ ಕಾದರು. ಅಕ್ಕ ಬಂದು, ಇಬ್ಬರ ಮುಖ ನೋಡಿ, ಶೂ ಬಿಚ್ಚದೆ ಬಾಗಿಲಲ್ಲೇ ನಿಂತಳು. ಅಮ್ಮ ಕುರ್ಚಿ ಎಳೆದು ಕೂರಿಸಿದಳು. ಅವಳು ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳ ಮೊದಲ ವಾಕ್ಯವೇ ಅರ್ಧಕ್ಕೆ ನಿಂತಿತು.

"ನಿನ್ನ ತಾಯಿ..." ಎಂದಳು ಅಮ್ಮ.

"ಗೊತ್ತಮ್ಮ," ಎಂದಳು ಅಕ್ಕ. "ಮೂರು ವರ್ಷದವಳಿದ್ದೆ, ಕುರುಡಿಯಾಗಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತಿರ್ತಿದ್ದಳು. ನನ್ನನ್ನ ಎತ್ಕೋ ಅಂದರೆ, ಇರು ಮಗಾ, ಉಸಿರು ಬರಲಿ ಅನ್ನೋಳು. ಅಷ್ಟು ನೆನಪಿದೆ."

"ಮತ್ತೆ ಯಾಕೆ ತೋರಿಸಲಿಲ್ಲ?" ಎಂದಳು ತಂಗಿ.

ಅಕ್ಕ ಉತ್ತರ ಕೊಟ್ಟದ್ದು ಅಮ್ಮನಿಗೆ. "ತೋರಿಸೋಕೆ ಹೋದರೆ ಫಾರಂ ಕೊಡ್ತಾರೆ. ತಾಯಿ ಬದುಕಿದ್ದಾರಾ, ತೀರಿಕೊಂಡಿದ್ದಾರಾ ಅಂತ ಇರುತ್ತೆ. ತೀರಿಕೊಂಡಿದ್ದಾರೆ ಅಂತ ಹೇಗಮ್ಮ ಬರೀಲಿ? ನೀನು ಇಲ್ಲಿ ಕೂತು ಕಿತ್ತಳೆ ಸುಲಿತಿರುವಾಗ?"

ಅಮ್ಮ ಮೇಜಿನ ಬಟ್ಟೆಯನ್ನು ಬೆರಳಿಂದ ನೇವರಿಸಿದಳು.

"ಇಬ್ಬರದೂ ಬರಿ," ಎಂದಳು. "ಜಾಗ ಸಾಲದಿದ್ದರೆ ಹಿಂದುಗಡೆ ಬರಿ. ಅವಳು ನಿನಗೆ ಏನು ಕೊಟ್ಟಳು ಅಂತ ಡಾಕ್ಟರಿಗೆ ಗೊತ್ತಾಗಬೇಕು. ನಾನು ಏನು ಕೊಟ್ಟೆ ಅನ್ನೋದು ನನಗೂ ನಿನಗೂ ಗೊತ್ತಿದ್ದರೆ ಸಾಕು. ನಾಳೆ ನಾನೂ ಬರ್ತೀನಿ."

"ಲಿಫ್ಟ್ ಕೆಟ್ಟಿದೆ."

"ನಿನ್ನ ಜೊತೆ ನಿಂತು ನಿಂತು ಹತ್ತುತೀನಿ. ಅದೇನೋ ಬೆಂಕಿ ಡಬ್ಬಿ ಸೂಚನೆ ಇದೆಯಂತಲ್ಲ, ಇಬ್ಬರೂ ಓದೋಣ."

ಅಕ್ಕ ನಕ್ಕು, ಕೆಮ್ಮಿ, ಆಮೇಲೆ ಅತ್ತಳು. ಈ ಸಲ ಮುಖ ಆಚೆ ತಿರುಗಿಸಲಿಲ್ಲ.

ಅಕ್ಕನ ಎಕೋ ನಲವತ್ತಮೂರು ತೋರಿಸಿತು. ಎಡಭಾಗದ ಕೋಣೆ ಇರಬೇಕಾದ್ದಕ್ಕಿಂತ ಸ್ವಲ್ಪ ಹಿಗ್ಗಿತ್ತು. ಹಿರಿಯ ವೈದ್ಯೆ ಅವಸರ ಮಾಡಲಿಲ್ಲ. ರಕ್ತದೊತ್ತಡ, ಥೈರಾಯ್ಡ್, ಸಕ್ಕರೆ, ಕುಡಿತ, ಹಿಂದೆ ಕ್ಯಾನ್ಸರಿಗೆ ತೆಗೆದುಕೊಂಡ ಔಷಧಿ, ಹೀಗೆ ಹೆಂಗಸರ ಹೃದಯದ ಸ್ನಾಯುವನ್ನು ಕೆಡಿಸಬಲ್ಲ ಒಂದೊಂದನ್ನೂ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲದಕ್ಕೂ ಇಲ್ಲ. ಉಳಿದದ್ದು ತಾಯಿ, ತಾಯಿಯ ತಾಯಿ. ಹಬೆಗೆ ಇದರಲ್ಲಿ ಪಾತ್ರವೇ ಇರಲಿಲ್ಲ.

"ಇದನ್ನ ಈಗ ಹಿಡಿದಿದ್ದೀವಿ," ಎಂದರು ವೈದ್ಯೆ. "ನಿಮ್ಮ ತಾಯಿಯ ಕಾಲದಲ್ಲಿ ಇಲ್ಲದ ಔಷಧಿಗಳು ಈಗಿವೆ. ಮಾತ್ರೆ ತಪ್ಪಿಸಬಾರದು, ಉಪ್ಪು ಕಡಿಮೆ, ದಿನಾ ಬೆಳಗ್ಗೆ ತೂಕ ನೋಡ್ಕೊಳ್ಳಿ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ. ಬಹಳಷ್ಟು ಜನರಲ್ಲಿ ಇದು ಸುಧಾರಿಸುತ್ತೆ. ಎಷ್ಟು ಅಂತ ಆರು ತಿಂಗಳ ಮೇಲೆ ನೋಡಿ ಹೇಳ್ತೀನಿ, ಈಗಲೇ ಹೇಳಿದರೆ ಸುಳ್ಳಾಗುತ್ತೆ."

ಲಾಂಡ್ರಿಯಲ್ಲಿ ಅಕ್ಕನನ್ನು ರೋಲರಿನಿಂದ ಬಿಡಿಸಿ ಕರವಸ್ತ್ರ ಮಡಿಸುವ ಮೇಜಿಗೆ ಹಾಕಿದರು. ಅಲ್ಲಿ ಕೂತು ಕೆಲಸ ಮಾಡಬಹುದು. ರೇಡಿಯೋ ಅದನ್ನು ವೈಯಕ್ತಿಕ ಅವಮಾನವೆಂದು ತೆಗೆದುಕೊಂಡಳು. "ಬಟ್ಟೆಯ ಆ ತುದೀಲಿ ಈಗ ಒಬ್ಬಳು ಮೂಗಿಯನ್ನ ನಿಲ್ಲಿಸಿದಾರೆ," ಎಂದು ಪ್ರತಿದಿನ ಊಟದ ಹೊತ್ತಿಗೆ ಬಂದು ದೂರು ಹೇಳುತ್ತಿದ್ದಳು. ಹಾಗೆ ಬಂದಾಗ ಅಕ್ಕನ ಡಬ್ಬಿಯಲ್ಲಿ ಉಪ್ಪು ಹೆಚ್ಚಾಗಿದೆಯೇ ಎಂದು ರುಚಿ ನೋಡುವ ನೆಪದಲ್ಲಿ ಅರ್ಧ ತಿಂದು ಹೋಗುತ್ತಿದ್ದಳು.

ತಂಗಿಗೆ ಎಂಟನೇ ತಿಂಗಳಲ್ಲಿ ರಕ್ತದೊತ್ತಡ ಏರಿತು, ಮಾತ್ರೆಗೆ ಬಗ್ಗಿತು. ಹೆರಿಗೆ ಸುಸೂತ್ರವಾಯಿತು. ಮತ್ತೆ ಹೆಣ್ಣು. ಮೊದಲ ಆರು ವಾರ ಅಕ್ಕ ಪ್ರತಿದಿನ ಫೋನ್ ಮಾಡಿ, "ಎಷ್ಟು ದಿಂಬು?" ಎಂದು ಕೇಳುತ್ತಿದ್ದಳು. "ಒಂದೇ, ಒಂದೇ," ಎನ್ನುತ್ತಿದ್ದಳು ತಂಗಿ. "ನಿನ್ನದೆಷ್ಟು?" ಅಕ್ಕ ಮೊದಮೊದಲು ಮಾತು ಹಾರಿಸುತ್ತಿದ್ದಳು. ಮಾತ್ರೆ ಶುರುವಾಗಿ ನಾಲ್ಕೂವರೆ ತಿಂಗಳಾದಾಗ ಒಂದು ದಿನ, "ಒಂದು," ಎಂದಳು. ತಂಗಿ ನಂಬದೆ ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಿ ಖಚಿತ ಮಾಡಿಕೊಂಡಳು.

ಆರು ತಿಂಗಳ ಎಕೋಗೆ ಮೂವರೂ ಹೋದರು. ಲಿಫ್ಟ್ ಸರಿಯಾಗಿತ್ತು, ಆದರೂ ಅಕ್ಕ ಮೆಟ್ಟಿಲಲ್ಲೇ ಹೋಗುತ್ತೇನೆಂದು ಹಟ ಹಿಡಿದಳು. ಅಮ್ಮ ಹಿಂದೆ, ತಂಗಿ ಮುಂದೆ. ಎರಡನೇ ಮಹಡಿಯವರೆಗೆ ಅಕ್ಕ ನಿಲ್ಲಲಿಲ್ಲ. ನಿಂತದ್ದು ಅಮ್ಮ, ಮಂಡಿ ನೋವಿಗೆ.

ವೈದ್ಯೆ ಪರದೆಯನ್ನು ನೋಡಿ, ಹಳೆಯ ವರದಿಯನ್ನು ಪಕ್ಕದಲ್ಲಿಟ್ಟು, ಮತ್ತೆ ಪರದೆಯನ್ನು ನೋಡಿದರು. ಎರಡು ತಿಂಗಳ ಕೂಸು ತಂಗಿಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

"ಐವತ್ತನಾಲ್ಕು," ಎಂದರು.

"ಇನ್ನೊಂದು ಸಲ ಹೇಳಿ," ಎಂದಳು ಅಮ್ಮ.

"ಐವತ್ತನಾಲ್ಕು. ಕೋಣೆಯ ಗಾತ್ರಾನೂ ಹೆಚ್ಚುಕಡಿಮೆ ಮೊದಲಿನ ಹಾಗೆ ಬಂದಿದೆ. ಔಷಧಿ ಚೆನ್ನಾಗಿ ಕೆಲಸ ಮಾಡಿದೆ. ಇದನ್ನ ವಾಸಿಯಾಯ್ತು ಅಂತ ನಾನು ಕರೆಯೋಲ್ಲ, ಮಾತ್ರೆ ನಿಲ್ಲಿಸೋ ಹಾಗಿಲ್ಲ. ವರ್ಷಕ್ಕೊಂದು ಸಲ ಬಂದು ನನ್ನ ಮುಖ ನೋಡಬೇಕು. ಅದು ಬಿಟ್ಟರೆ, ನಡೀರಿ, ಕೆಲಸ ಮಾಡಿ, ಪ್ರವಾಸ ಹೋಗಿ."

ಅಕ್ಕ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡಳು. ತಂಗಿ ಕೂಸಿನ ಬೆನ್ನು ತಟ್ಟುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ಅಮ್ಮ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಳು.

"ಡಾಕ್ಟ್ರೇ, ಒಂದು ಕೇಳಬೇಕಿತ್ತು. ಆರು ತಿಂಗಳಿಂದ ಇವಳನ್ನ ಬೈದಿಲ್ಲ. ಎದೆಗೇನಾದರೂ ಆದೀತು ಅಂತ ಹೆದರ್ಕೊಂಡು ನುಂಗ್ಕೊಂಡಿದ್ದೀನಿ. ಇನ್ನು ಬೈಯಬಹುದಾ?"

ವೈದ್ಯೆ ವರದಿಯನ್ನು ಲಕೋಟೆಗೆ ಹಾಕಿದರು. "ಧಾರಾಳವಾಗಿ," ಎಂದರು.

"ಅಮ್ಮ," ಎಂದಳು ಅಕ್ಕ.

"ಅಮ್ಮ ಅಂತೆ ಅಮ್ಮ! ಒಂದು ವರ್ಷ ಎರಡು ದಿಂಬು ಇಟ್ಕೊಂಡು, ಹಬೆ ಹಬೆ ಅಂತ ನನ್ನ ಕಣ್ಣಿಗೇ ಹಬೆ ಕಟ್ಟಿದೆಯಲ್ಲ, ನಿನಗೆ ಸ್ವಲ್ಪಾನಾದರೂ..." ಅಮ್ಮ ಆಗಲೇ ಎದ್ದು ನಿಂತಿದ್ದಳು. ಬಾಗಿಲು ದಾಟುವಷ್ಟರಲ್ಲಿ ಅವಳ ದನಿ ಏರಿತ್ತು, ಕಾರಿಡಾರಿನಲ್ಲಿ ಕೂತವರೆಲ್ಲ ತಲೆ ಎತ್ತಿ ನೋಡಿದರು, ಕೂಸು ಎಚ್ಚರಾಗಿ ಅಳತೊಡಗಿತು. ಅಕ್ಕ ಬಗಲಲ್ಲಿ ಲಕೋಟೆ ಹಿಡಿದು, ಒಂದು ಮಾತೂ ಎದುರಾಡದೆ, ಬೈಸಿಕೊಳ್ಳುತ್ತ ನಡೆದಳು.